ಊರಲ್ಲೇ ಕೂತು ಬಿಸಿನೆಸ್ ಕನ್ಸಲ್ಟಿಂಗ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇರುವುದು ಶಿರಸಿಯಲ್ಲಿ. ಸಣ್ಣ ವ್ಯಾಪಾರಿಗಳಿಗೆ ಲೆಕ್ಕ, ವ್ಯಾಪಾರದ ಸಲಹೆ ಕೊಡುವುದು ನನ್ನ ಕೆಲಸ. ವಾರಕ್ಕೆ ಎರಡು ದಿನ ಘಟ್ಟ ಇಳಿದು ಕುಮಟಾ, ಗೋಕರ್ಣ, ಅಂಕೋಲಾ, ಕೆಲವೊಮ್ಮೆ ಕಾರವಾರದವರೆಗೂ ಹೋಗುತ್ತೇನೆ. ನನ್ನ ಗ್ರಾಹಕರೆಂದರೆ ಹೋಮ್‌ಸ್ಟೇ ನಡೆಸುವವರು, ಬೇಕರಿಯವರು, ಅಡಿಕೆ ವಖಾರಿಯವರು, ಮನೆಯಲ್ಲೇ ಉಪ್ಪಿನಕಾಯಿ, ತೊಡದೇವು ಮಾಡಿ ಮಾರುವವರು. ದೊಡ್ಡ ಕಂಪನಿ ಒಂದೂ ಇಲ್ಲ. ಬೆಂಗಳೂರಿನ ನೌಕರಿ ಬಿಟ್ಟು ಊರಿಗೆ ಬಂದು ಇದೇ ಕೆಲಸ ಹಿಡಿಯಬೇಕೆನ್ನುವವರು ಆಗಾಗ ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ. ಪ್ರತಿ ಸಲ ಅರ್ಧ ಗಂಟೆ ಮಾತಾಡುವ ಬದಲು ಬರೆದೇ ಇಟ್ಟಿದ್ದೇನೆ.

ಶುರು ಮಾಡಲು ಏನೇನು ಬೇಕು?

ಲ್ಯಾಪ್‌ಟಾಪ್, ಫೋನ್, ಒಂದು ರಟ್ಟಿನ ನೋಟ್‌ಬುಕ್. ಪ್ರಿಂಟರ್ ಈಗಲೇ ಬೇಡ, ಪೇಟೆಯಲ್ಲಿ ಝೆರಾಕ್ಸ್ ಅಂಗಡಿ ಇದೆ. ಆಫೀಸಂತೂ ಬೇಡವೇ ಬೇಡ. ಗ್ರಾಹಕರು ನಿಮ್ಮಲ್ಲಿಗೆ ಬರುವುದಿಲ್ಲ, ನೀವೇ ಹೋಗಬೇಕು.

ನೋಟ್‌ಬುಕ್ ಅಂದರೆ ನಗಬೇಡಿ. ಪ್ರತಿ ಭೇಟಿಗೂ ನನ್ನದು ಒಂದು ಪುಟ. ಮೇಲೆ ತಾರೀಕು, ಯಾರ‍್ಯಾರು ಇದ್ದರು ಅಂತ. ಎಡಗಡೆ ಅವರು ಹೇಳಿದ್ದು, ಬಲಗಡೆ ನಾನು ಮಾಡಿಕೊಡುತ್ತೇನೆಂದು ಒಪ್ಪಿದ್ದು. ಮನೆಗೆ ಬಂದ ರಾತ್ರಿಯೇ ಬಲಗಡೆಯದನ್ನು ಮಾತ್ರ ಟೈಪ್ ಮಾಡಿ ಅವರಿಗೆ ವಾಟ್ಸ್ಆಪ್ ಮಾಡುತ್ತೇನೆ. ನಾಲ್ಕೈದು ಸಾಲು, ಅಷ್ಟೇ. ಮೂರು ತಿಂಗಳ ಮೇಲೆ "ಅವತ್ತು ನೀವು ಹೀಗಲ್ವಾ ಹೇಳಿದ್ದು?" ಎಂಬ ಮಾತು ಬಂದಾಗ ಈ ಸಾಲುಗಳೇ ಗತಿ.

ಮೊದಲ ಭೇಟಿಗೆ ಏನು ಒಯ್ಯಬೇಕು?

ಪುರುಸೊತ್ತು. ನಮ್ಮ ಕಡೆ ಮೊದಲು ಕುಡಿಯಲು ಆಸರಿ ಬರುತ್ತದೆ, ಆಮೇಲೆ ಎಲೆಯಡಿಕೆಯ ಕವಳದ ಬಟ್ಟಲು, ಆಮೇಲೆ ಮಳೆ ಮತ್ತು ಅಡಿಕೆ ರೇಟು. ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ. ಅಷ್ಟರೊಳಗೆ ಲ್ಯಾಪ್‌ಟಾಪ್ ತೆಗೆದರೆ ಎದುರಿನವರು ಬ್ಯಾಂಕಿನವರ ಮುಂದೆ ಕೂತ ಹಾಗೆ ಬಿಗಿಯಾಗುತ್ತಾರೆ.

ನಾನು ಒಂದು ಹಾಳೆ ಪ್ರಶ್ನೆಪಟ್ಟಿ ಇಟ್ಟುಕೊಂಡಿರುತ್ತೇನೆ. ಯಾವ ತಿಂಗಳು ಕೈ ಖಾಲಿ? ಯಾರಿಂದ ಎಷ್ಟು ಬಾಕಿ ಬರಬೇಕು? ಮನೆ ಖರ್ಚಿನ ದುಡ್ಡು ಅಂಗಡಿಯ ಗಲ್ಲಾದಿಂದಲೇ ಹೋಗುತ್ತದಾ? ಈ ಕೊನೆಯ ಪ್ರಶ್ನೆಗೆ ಮೊದಲ ದಿನ ಯಾರೂ ಸರಿಯಾದ ಉತ್ತರ ಕೊಡುವುದಿಲ್ಲ. ಎರಡನೇ ಭೇಟಿಯಲ್ಲಿ ಮನೆಯವರೇ ಒಳಗಿನಿಂದ ಹೇಳುತ್ತಾರೆ.

ಮಾತು ಮುಗಿದ ಮೇಲೆ ಒಂದು ಇಡೀ ದಿನ ಗಲ್ಲಾ ಪಕ್ಕ ಸ್ಟೂಲ್ ಹಾಕಿಕೊಂಡು ಕೂರಲು ಅನುಮತಿ ಕೇಳಿ. ಒಂದು ಬೇಕರಿಯವರು ವ್ಯಾಪಾರ ಕಡಿಮೆಯಾಗಿದೆ, ಜಾಹೀರಾತು ಕೊಡೋಣವಾ ಎಂದು ಕರೆದಿದ್ದರು. ಬೆಳಿಗ್ಗೆ ಏಳರಿಂದ ಕೂತೆ. ಪೆನ್ನಿನಲ್ಲಿ ನಾಲ್ಕು ಗೀಟು, ಐದನೆಯದು ಅಡ್ಡ ಗೀಟು, ಹೀಗೆ ಬಂದವರನ್ನೆಲ್ಲ ಎಣಿಸಿದೆ. ಸಂಜೆ ಐದರಿಂದ ಏಳರೊಳಗೆ ಒಳಗೆ ಬಂದು ಏನೂ ಕೊಳ್ಳದೆ ವಾಪಸ್ ಹೋದವರೇ 23 ಜನ. ಕಾರಣ ದೊಡ್ಡದೇನಲ್ಲ. ಪೊಟ್ಟಣ ಕಟ್ಟುವ ಹುಡುಗನೇ ದುಡ್ಡೂ ತೆಗೆದುಕೊಳ್ಳುತ್ತಿದ್ದ. ಕೈಗೆ ಹತ್ತಿದ ಕ್ರೀಮು ಒರೆಸಿ ಚಿಲ್ಲರೆ ಎಣಿಸುವಷ್ಟರಲ್ಲಿ ಬಸ್ಸು ಹಿಡಿಯುವವರು ಹೊರಟೇ ಹೋಗುತ್ತಿದ್ದರು. ಸಂಜೆ ಎರಡು ತಾಸಿಗೆ ಒಬ್ಬರನ್ನು ಗಲ್ಲಾಕ್ಕೆ ಕೂರಿಸಿದರು. ಜಾಹೀರಾತಿನ ಮಾತು ಅಲ್ಲಿಗೇ ನಿಂತಿತು.

ಒಪ್ಪಂದ ಪತ್ರ ಬೇಕೇ ಬೇಕಾ? ಎಲ್ಲ ಪರಿಚಯದವರೇ ಅಲ್ವಾ?

ಪರಿಚಯದವರು ಅಂತಲೇ ಬೇಕು.

ನನ್ನ ಎರಡನೇ ವರ್ಷದ ಕತೆ ಕೇಳಿ. ಕರಾವಳಿಯ ಒಬ್ಬ ವ್ಯಾಪಾರಿ, ದೂರದ ನೆಂಟರೂ ಹೌದು. "ಸ್ಟಾಕಿನ ಲೆಕ್ಕ ಸ್ವಲ್ಪ ಸರಿ ಮಾಡಿಕೊಡು ತಮ್ಮಾ" ಎಂದರು. ಜೂನ್‌ನಲ್ಲಿ ಶುರು ಮಾಡಿದೆ. ಜುಲೈಯಲ್ಲಿ ಸ್ಟಾಕಿನ ಜೊತೆ ಬಾಕಿ ವಸೂಲಿಯ ಪಟ್ಟಿ ಸೇರಿತು. ಆಗಸ್ಟಿನಲ್ಲಿ ಹೊಸ ಹುಡುಗನಿಗೆ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಕಲಿಸುವುದು. ಚೌತಿ ಹೊತ್ತಿಗೆ ಅವರ ಮಗಳ ಕಾಲೇಜಿನ ಅರ್ಜಿಯನ್ನೂ ನಾನೇ ತುಂಬುತ್ತಿದ್ದೆ. ದುಡ್ಡಿನ ಮಾತು ತೆಗೆದಾಗ ಅವರಿಗೆ ನಿಜವಾಗಿಯೂ ಆಶ್ಚರ್ಯ. "ನಿನಗೂ ಫೀಸು ಕೊಡಬೇಕಾ ಮಾರಾಯಾ?" ಕೊನೆಗೆ ಕೈಗೆ ಬಂದದ್ದು ಎರಡು ಸಾವಿರ ರೂಪಾಯಿ, ಒಂದು ಡಬ್ಬ ಜೋನಿಬೆಲ್ಲ. ಬೆಲ್ಲ ಚೆನ್ನಾಗಿತ್ತು. ಅವರು ಮೋಸ ಮಾಡಿದರು ಅಂತ ಇವತ್ತಿಗೂ ಅನಿಸುವುದಿಲ್ಲ. ಫೀಸು ಎಷ್ಟು ಅಂತ ನಾನು ಹೇಳಿದ್ದರೆ ತಾನೇ ಅವರಿಗೆ ಗೊತ್ತಾಗುವುದು?

ಈಗ ನನ್ನ ಪತ್ರ ಒಂದೇ ಪುಟ, ಕನ್ನಡದಲ್ಲಿ. ಏನು ಕೆಲಸ, ಎಷ್ಟು ದಿನ, ಎಷ್ಟು ದುಡ್ಡು, ಯಾವ ಯಾವ ತಾರೀಕಿಗೆ. ಅವರು ನನಗೆ ಯಾವ ಲೆಕ್ಕಪತ್ರ ಯಾವಾಗ ಕೊಡಬೇಕು. ನಡುವೆ ನಿಲ್ಲಿಸಿದರೆ ಅಲ್ಲಿಯವರೆಗಿನ ದಿನಗಳ ಲೆಕ್ಕ ಹೇಗೆ. ಇದೆಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು "ಇದರಲ್ಲಿ ಸೇರಿಲ್ಲ" ಎಂಬ ಸಾಲು. ಹೀಗೆ ಬರೆಯುತ್ತೇನೆ: "ಜಿಎಸ್‌ಟಿ ರಿಟರ್ನ್ ತುಂಬುವುದು, ಸಿಬ್ಬಂದಿಗೆ ಕಂಪ್ಯೂಟರ್ ಕಲಿಸುವುದು, ಬ್ಯಾಂಕ್ ಸಾಲದ ಅರ್ಜಿ ಇದರಲ್ಲಿ ಸೇರಿಲ್ಲ. ಬೇಕಾದರೆ ಬೇರೆ ಮಾತಾಡಿಕೊಳ್ಳೋಣ."

ದೊಡ್ಡ ಮೊತ್ತದ ಕೆಲಸವಾದರೆ ಇ-ಸ್ಟಾಂಪ್ ಮೇಲೆ ಮಾಡಿಸಿ. ಸಣ್ಣ ಕೆಲಸಕ್ಕೆ ಇಬ್ಬರ ಸಹಿ ಇರುವ ಪತ್ರದ ಫೋಟೋ ಇಬ್ಬರ ಫೋನಿನಲ್ಲೂ ಇದ್ದರೆ ಸಾಕು.

ಫೀಸು ಎಷ್ಟು ಅಂತ ಹೇಗೆ ತೀರ್ಮಾನಿಸುವುದು?

ಪಕ್ಕದವರು ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ನೋಡಬೇಡಿ. ಮೊದಲು ನಿಮ್ಮ ಮನೆ ಲೆಕ್ಕ ಮಾಡಿ.

ತಿಂಗಳಿಗೆ ಮನೆಗೆ 60,000 ಬೇಕು, ಪೆಟ್ರೋಲು, ಫೋನು, ಲ್ಯಾಪ್‌ಟಾಪಿನ ಸವಕಳಿ ಎಲ್ಲ ಸೇರಿ 15,000 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 9 ಲಕ್ಷ ಆಯಿತು. ಇನ್ನು ದಿನಗಳು. 365ರಲ್ಲಿ 52 ಭಾನುವಾರ ಕಳೆಯಿರಿ. ಹಬ್ಬ, ಮದುವೆ, ಉಪನಯನ, ಶ್ರಾದ್ಧ, ಜ್ವರ, ರಸ್ತೆ ಬಂದ್ ಆದ ಮಳೆ ದಿನ ಅಂತ 40-45 ಕಳೆಯಿರಿ. ಉಳಿದದ್ದು ಸುಮಾರು 270. ಇದರಲ್ಲೂ ಅರ್ಧಕ್ಕಿಂತ ಜಾಸ್ತಿ ಹೊಸ ಗ್ರಾಹಕರನ್ನು ಹುಡುಕುವುದು, ಓಡಾಟ, ನಿಮ್ಮದೇ ಬಿಲ್ಲು ಬರೆಯುವುದರಲ್ಲಿ ಹೋಗುತ್ತದೆ. ದುಡ್ಡು ಹುಟ್ಟುವ ದಿನ 120 ಸಿಕ್ಕರೆ ಪುಣ್ಯ. 9 ಲಕ್ಷವನ್ನು 120ರಿಂದ ಭಾಗಿಸಿದರೆ ದಿನಕ್ಕೆ 7,500 ಬರುತ್ತದೆ.

ಈ ಮೊತ್ತ ನೋಡಿ ಹೊಸಬರು ಹೆದರುತ್ತಾರೆ. ಗ್ರಾಹಕರಿಗೆ ದಿನದ ರೇಟು ಹೇಳಬೇಡಿ, ಇಡೀ ಕೆಲಸದ ಮೊತ್ತ ಹೇಳಿ. ದಿನದ ರೇಟು ನಿಮ್ಮ ಶೀಟಿನಲ್ಲೇ ಇರಲಿ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಘಟ್ಟದಲ್ಲೇ ಮುಗಿಯುತ್ತದೆ. ಆ ಅರ್ಧ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜಿಎಸ್‌ಟಿ ನೋಂದಣಿ ಮಾಡಿಸಬೇಕಾ?

ನಮ್ಮ ರಾಜ್ಯದಲ್ಲಿ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಕಡ್ಡಾಯ. ಕಾರವಾರದವರು ತಪ್ಪದೆ ಕೇಳುವ ಪ್ರಶ್ನೆ ಇನ್ನೊಂದಿದೆ: "ಗೋವಾದ ಗ್ರಾಹಕರಿದ್ದರೆ? ಹೊರರಾಜ್ಯ ಆಯ್ತಲ್ಲ?" ಸೇವೆಯ ಮಟ್ಟಿಗೆ 2017ರ ಅಕ್ಟೋಬರಿನಿಂದಲೇ ಇದಕ್ಕೆ ವಿನಾಯಿತಿ ಇದೆ. ಒಟ್ಟು ವಹಿವಾಟು 20 ಲಕ್ಷದೊಳಗೆ ಇದ್ದರೆ ಗೋವಾಕ್ಕೆ ಬಿಲ್ ಮಾಡಿದ ಮಾತ್ರಕ್ಕೆ ನೋಂದಣಿ ಬೇಕಾಗುವುದಿಲ್ಲ. ನೋಂದಣಿ ಮಾಡಿಸಿದರೆ ಬಿಲ್ಲಿಗೆ ಶೇ. 18 ಸೇರಿಸಬೇಕು, ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್‌ನ ಕೋಡ್ 998311 ಹಾಕಬೇಕು. ಜಿಎಸ್‌ಟಿ ನಂಬರ್ ಇದ್ದರೆ ಗತ್ತು ಅಂತ ಸುಮ್ನೆ ಮಾಡಿಸಿಕೊಂಡವರನ್ನು ಕಂಡಿದ್ದೇನೆ. ಅವರ ಗ್ರಾಹಕರು ಜಿಎಸ್‌ಟಿ ನೋಂದಣಿ ಇಲ್ಲದ ಹೋಮ್‌ಸ್ಟೇಯವರು, ಆ ಶೇ. 18 ಅವರಿಗೆ ವಾಪಸ್ ಸಿಗುವುದಿಲ್ಲ. ಫೀಸು ಜಾಸ್ತಿಯಾಯಿತು ಅಂತ ಬಿಟ್ಟು ಹೋದರು.

ಬಿಲ್ಲಿನಲ್ಲಿ ಹತ್ತು ಪರ್ಸೆಂಟ್ ಹಿಡಿದುಕೊಂಡು ಕೊಟ್ಟರು. ಇದೇನು?

ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮೊದಲೇ ಹಿಡಿದು ನಿಮ್ಮ ಹೆಸರಿನಲ್ಲಿ ಕಟ್ಟುವ ಆದಾಯ ತೆರಿಗೆ. ವೃತ್ತಿಪರ ಫೀಸು ಒಬ್ಬ ಗ್ರಾಹಕರಿಂದ ವರ್ಷಕ್ಕೆ 50,000 ದಾಟಿದರೆ ಶೇ. 10 ಹಿಡಿಯಬೇಕು. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 30,000 ಇತ್ತು. ಸಣ್ಣ ಅಂಗಡಿಯವರು ಸಾಮಾನ್ಯವಾಗಿ ಹಿಡಿಯಬೇಕಾಗಿಲ್ಲ. ಕಂಪನಿ, ಸೊಸೈಟಿಗಳು ಹಿಡಿಯುತ್ತವೆ. 60,000 ಬಿಲ್ಲಿಗೆ 54,000 ಬಂದರೆ ಉಳಿದ 6,000 ನಿಮ್ಮ ಪ್ಯಾನ್ ಮೇಲೆ ಕಟ್ಟಿದ್ದಾರಾ ಅಂತ ಆದಾಯ ತೆರಿಗೆ ಪೋರ್ಟಲಿನಲ್ಲಿ ನೋಡಿ. ಹಿಡಿದು ಕಟ್ಟದೇ ಮರೆತವರೂ ಇರುತ್ತಾರೆ.

ಹಳಬರು "44ಎಡಿಎ" ಅನ್ನುವ ಅಂದಾಜು ತೆರಿಗೆ ಪದ್ಧತಿಯಲ್ಲಿ ಬಂದ ಫೀಸಿನ ಅರ್ಧವನ್ನು ಆದಾಯ ಎಂದು ತೋರಿಸಿದರೆ ಆಯಿತು. ಆದರೆ ಅದು ಕೆಲವು ವೃತ್ತಿಗಳಿಗೆ ಮಾತ್ರ. ಪಟ್ಟಿಯಲ್ಲಿ ತಾಂತ್ರಿಕ ಸಲಹೆ ಇದೆ, ಬರೀ ವ್ಯಾಪಾರದ ಸಲಹೆ ಅಂತ ಬರೆದಿಲ್ಲ. ನಿಮ್ಮ ಕೆಲಸ ಅದರೊಳಗೆ ಬರುತ್ತದಾ ಅಂತ ಸಿಎ ಹತ್ತಿರ ಕೇಳಿಯೇ ಮುಂದುವರಿಯಿರಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ, ಸೆಕ್ಷನ್ ನಂಬರುಗಳೂ ಬದಲಾಗಿವೆ.

ದುಡ್ಡು ಕೊಡಲು ಸತಾಯಿಸಿದರೆ?

ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಮೊದಲೇ ಮಾಡಿಸಿಡಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರಿ ಪೋರ್ಟಲಿನಲ್ಲಿ ಪುಕ್ಕಟೆ ಆಗುತ್ತದೆ. ದುಡ್ಡು ಕೇಳುವ ವೆಬ್‌ಸೈಟುಗಳು ಬೇಕಾದಷ್ಟಿವೆ, ಅವುಗಳ ಸುದ್ದಿಗೆ ಹೋಗಬೇಡಿ. ಕೆಲಸ ಮುಗಿದು ಜಗಳ ಶುರುವಾದ ಮೇಲೆ ನೋಂದಣಿ ಮಾಡಿಸಿದರೆ ಅದರ ಬಲ ಅಷ್ಟಕ್ಕಷ್ಟೇ.

2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಪತ್ರದಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಪಾವತಿ ಆಗಬೇಕು. ಪತ್ರವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಇದಕ್ಕೆಂದೇ ಇರುವ ಸರ್ಕಾರಿ ಪೋರ್ಟಲಿನಲ್ಲಿ ದೂರು ಕೊಡಬಹುದು.

ನಾನು ಇಲ್ಲಿಯವರೆಗೆ ದೂರು ಕೊಟ್ಟಿಲ್ಲ. ನಾಳೆ ಅದೇ ಮನುಷ್ಯ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂರುತ್ತಾನಲ್ಲ! ಅದಕ್ಕಿಂತ ಗ್ರಾಹಕರ ಲೆಕ್ಕ ಬರೆಯುವವರಿಗೆ ಒಂದು ಫೋನ್ ಮಾಡುತ್ತೇನೆ. ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡನ್ನು ಈ ಗಡುವಿನೊಳಗೆ ಕೊಡದೇ ವರ್ಷ ಮುಗಿಸಿದರೆ ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ಕಳೆಯಲು ಆಗುವುದಿಲ್ಲ. ಈ ನಿಯಮ ಲೆಕ್ಕದವರಿಗೆ ಚೆನ್ನಾಗಿ ಗೊತ್ತು. ಮಾರ್ಚ್ ಎರಡನೇ ವಾರದಲ್ಲಿ ನೆನಪಿಸಿದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ. ಇನ್ನೂ ಸುಲಭದ ದಾರಿ ಮೊದಲೇ ಮೂರನೇ ಒಂದು ಭಾಗ ಮುಂಗಡ ತೆಗೆದುಕೊಳ್ಳುವುದು.

ಯಾವ ಸಾಫ್ಟ್‌ವೇರ್ ಕೊಳ್ಳಬೇಕು?

ಯಾವುದೂ ಬೇಡ. ಎಕ್ಸೆಲ್ ಇದ್ದರೆ ಸರಿ, ಇಲ್ಲದಿದ್ದರೆ ಲಿಬ್ರೆಆಫೀಸ್ ಪುಕ್ಕಟೆ. ಟ್ಯಾಲಿ ಓದಲು ಬರಬೇಕು, ಯಾಕೆಂದರೆ ಗ್ರಾಹಕರ ಲೆಕ್ಕ ಅದರಲ್ಲೇ ಇರುತ್ತದೆ. ವಾಟ್ಸ್ಆಪ್ ಬಿಸಿನೆಸ್‌ನಲ್ಲಿ ಲೇಬಲ್ ಹಾಕುವ ಸೌಲಭ್ಯ ಇದೆ. "ಬಾಕಿ", "ಪತ್ರ ಕಳಿಸಬೇಕು" ಅಂತ ಎರಡೇ ಲೇಬಲ್ ಇಟ್ಟಿದ್ದೇನೆ.

ನಿಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಶೀಟ್ ಯಾವುದು?

ಎರಡಿವೆ. ಒಂದು, ಹನ್ನೆರಡು ತಿಂಗಳ ನಗದು ಶೀಟ್. ಮೇಲೆ ತಿಂಗಳುಗಳು, ಕೆಳಗೆ ಬರುವುದು, ಹೋಗುವುದು, ಉಳಿಯುವುದು. ಇದರಲ್ಲೇನು ವಿಶೇಷ ಅನ್ನಬಹುದು. ನಮ್ಮ ಜಿಲ್ಲೆಯಲ್ಲಿ ವರ್ಷದ ಸರಾಸರಿ ಅನ್ನುವುದೇ ಸುಳ್ಳು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಬಂದರಿನ ಐಸ್ ಪ್ಲಾಂಟು, ಡೀಸೆಲ್, ಬಲೆ ಅಂಗಡಿ, ಚಹಾ ಹೋಟೆಲು ಎಲ್ಲವೂ ಅದರ ಜೊತೆ ಮಲಗುತ್ತವೆ. ಘಟ್ಟದ ಮೇಲೆ ಅಡಿಕೆ ಕೊಯ್ಲು ಮುಗಿದು ಚಾಲಿ (ಬಿಸಿಲಿಗೆ ಒಣಗಿಸುವ ಹಣ್ಣಡಿಕೆ) ಒಣಗಿ ಮಾರಾಟವಾಗುವವರೆಗೆ ರೈತರ ಕೈ ಬಿಗಿ, ಹಾಗಾಗಿ ಶಿರಸಿ ಪೇಟೆಯ ಬಟ್ಟೆ ಅಂಗಡಿಯ ಉದ್ರಿ ಖಾತೆ ಉದ್ದವಾಗುತ್ತದೆ. ಸಾಲದ ಕಂತು ಮಾತ್ರ ಯಾವ ತಿಂಗಳೂ ರಜೆ ಹಾಕುವುದಿಲ್ಲ. ಈ ಶೀಟಿನ ಜುಲೈ ಕಾಲಂ ಕೆಂಪಾಗಿ ಕಂಡಾಗ ಗ್ರಾಹಕರು ಮೊದಲ ಬಾರಿ ಸುಮ್ಮನಾಗುತ್ತಾರೆ.

ಎರಡನೆಯದು ಅಸಲು ಹುಟ್ಟುವ ಲೆಕ್ಕ. ಗೋಕರ್ಣದ ಕಡೆಯ ನಾಲ್ಕು ಕೋಣೆಯ ಹೋಮ್‌ಸ್ಟೇ ಅಂತ ಇಟ್ಟುಕೊಳ್ಳಿ. ಜನ ಬರಲಿ ಬಿಡಲಿ, ತಿಂಗಳಿಗೆ 60,000 ಖರ್ಚು ಇದ್ದೇ ಇದೆ: ಸಂಬಳ, ಕಂತು, ಇಂಟರ್ನೆಟ್. ಕೋಣೆಗೆ ಒಂದು ರಾತ್ರಿಗೆ 2,000. ಅದರಲ್ಲಿ ತಿಂಡಿ, ಬಟ್ಟೆ ತೊಳೆಯುವುದು, ಕರೆಂಟು ಸೇರಿ 600 ಹೋದರೆ ಉಳಿಯುವುದು 1,400. 60,000 ಭಾಗಿಸು 1,400, ಅಂದರೆ 43 ರಾತ್ರಿ. ಅದೇ ಬುಕಿಂಗ್ ಆಪ್ ಮೂಲಕ ಬಂದು ಶೇ. 18 ಕಮಿಷನ್ ಹೋದರೆ? 360 ಕಡಿಮೆ, ಉಳಿಯುವುದು 1,040. ಈಗ 58 ರಾತ್ರಿ ಬೇಕು. ಹದಿನೈದು ರಾತ್ರಿ ಆಪಿನವರಿಗೇ ದುಡಿದ ಹಾಗಾಯಿತು. ಆಪ್ ಬಿಡಿ ಅಂತ ನಾನು ಹೇಳುವುದಿಲ್ಲ, ಹೊಸ ಮುಖಗಳು ಅಲ್ಲಿಂದಲೇ ಬರುವುದು. ಎರಡನೇ ಸಲ ಬರುವವರು ನೇರ ಫೋನ್ ಮಾಡುವ ಹಾಗೆ ಮಾಡಿ ಎನ್ನುತ್ತೇನೆ. ಈ ಶೀಟನ್ನು ಯಜಮಾನರ ಎದುರಿಗೇ, ಅವರದೇ ಅಂಕಿ ಹಾಕಿ, ಅವರ ಕೈಯಿಂದಲೇ ಗುಣಿಸಿ ಭಾಗಿಸಿ ಮಾಡಿಸಬೇಕು. ನಾವು ಮಾಡಿಕೊಂಡು ಹೋದದ್ದನ್ನು ಯಾರೂ ನಂಬುವುದಿಲ್ಲ.

ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡಬಹುದಾ?

ಬರೆಯಬಹುದು, ಬೇಡಿಕೆಯೂ ಜಾಸ್ತಿ. ಆದರೆ ಇನ್ನೊಬ್ಬರ ರಿಪೋರ್ಟಿನ ಹೆಸರು ಬದಲಿಸಿ ಕೊಡುವ ಕೆಲಸಕ್ಕೆ ಇಳಿಯಬೇಡಿ. ಬ್ಯಾಂಕಿನವರು ಮೊದಲು ನೋಡುವುದು ಕಂತು ಕಟ್ಟುವ ತಾಕತ್ತು, ಅವರ ಭಾಷೆಯಲ್ಲಿ ಡಿಎಸ್‌ಸಿಆರ್. ಲಾಭ, ಸವಕಳಿ, ಬಡ್ಡಿ ಮೂರನ್ನೂ ಕೂಡಿಸಿ. ವರ್ಷಕ್ಕೆ ಕಟ್ಟಬೇಕಾದ ಅಸಲು ಮತ್ತು ಬಡ್ಡಿಯಿಂದ ಭಾಗಿಸಿ. ಲಾಭ 3 ಲಕ್ಷ, ಸವಕಳಿ 1, ಬಡ್ಡಿ 1, ಒಟ್ಟು 5. ಕಟ್ಟಬೇಕಾದದ್ದು ಅಸಲು 2.5, ಬಡ್ಡಿ 1, ಒಟ್ಟು 3.5. ಉತ್ತರ 1.43. ಒಂದಕ್ಕಿಂತ ಕೆಳಗೆ ಬಂದರೆ ರಿಪೋರ್ಟ್ ಕಳಿಸುವ ಮೊದಲು ಗ್ರಾಹಕರ ಹತ್ತಿರ ಕೂತು ಮಾತಾಡಿ. ಅಂಕಿ ಉಬ್ಬಿಸಿದರೆ ಸಾಲ ಸಿಗಬಹುದು, ಕಂತು ಕಟ್ಟುವವರು ಅವರೇ ತಾನೇ. ಸಬ್ಸಿಡಿ ಯೋಜನೆಗಳಿಗೆ ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ನೀವೇ ಒಮ್ಮೆ ಹೋಗಿ ಬನ್ನಿ.

"ಶಿರಸಿ ಸುಪಾರಿ" ಎಂದು ಗ್ರಾಹಕರು ಪ್ಯಾಕೆಟ್ ಮೇಲೆ ಹಾಕಬಹುದಾ?

ಶಿರಸಿ ಕಡೆಯ ಅಡಿಕೆಯ ಈ ಹೆಸರಿಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ. ಆದರೆ ಊರಿನವರು ಅಂದ ಮಾತ್ರಕ್ಕೆ ಹಾಕುವಂತಿಲ್ಲ. ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ಹೆಸರು ಸೇರಿಸಬೇಕು. ಲೇಬಲ್ ಅಚ್ಚು ಹಾಕಿಸುವ ಮೊದಲು ಇದನ್ನು ಹೇಳಿ, ನಂತರ ಅಲ್ಲ.

ಸೊಸೈಟಿಯವರು ಕೊಟ್ಟ ಹಳೆ ಫೈಲಿನಲ್ಲಿ ಕನ್ನಡ ಗಜಿಬಿಜಿಯಾಗಿ ಕಾಣುತ್ತದೆ. ಏನು ಮಾಡುವುದು?

ಅದು "ನುಡಿ" ಅಥವಾ "ಬರಹ" ಎಂಬ ತಂತ್ರಾಂಶದ ಹಳೆ ಫಾಂಟ್. ಅದೇ ಫಾಂಟ್ ಹಾಕಿದರೆ ಓದಲು ಬರುತ್ತದೆ. ಆದರೆ ಫೋನಿನಲ್ಲಿ ಕಾಣಿಸುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ. ಎಲ್ಲ ಫೋನು, ಕಂಪ್ಯೂಟರಿನಲ್ಲೂ ಕಾಣುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ನೋಡಿ. ನಡಾವಳಿ ಪುಸ್ತಕದ ಠರಾವಿನಲ್ಲಿ ಒಂದು ಅಂಕಿ ಆಚೀಚೆ ಆದರೂ ದೊಡ್ಡ ರಗಳೆ.

ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹೇಗೆ?

ಎಲ್ಲ ಫೈಲು ಲ್ಯಾಪ್‌ಟಾಪಿನಲ್ಲೇ ಇರಲಿ, ಕ್ಲೌಡ್ ಬರೀ ನಕಲಿಗೆ. ಎರಡು ಬೇರೆ ಕಂಪನಿಯ ಸಿಮ್ ಇಡಿ. ಕರೆಂಟು ಇದ್ದಾಗಲೇ ಎಲ್ಲ ಚಾರ್ಜ್ ಮಾಡಿ. ಜೂನ್‌ನಿಂದ ಆಗಸ್ಟ್‌ವರೆಗೆ ನಾನು ವಿಡಿಯೋ ಮೀಟಿಂಗ್ ಒಪ್ಪಿಕೊಳ್ಳುವುದೇ ಇಲ್ಲ.

ಒಂದೇ ಪೇಟೆಯ ಇಬ್ಬರು ಎದುರಾಳಿಗಳಿಗೆ ಕೆಲಸ ಮಾಡಬಹುದಾ?

ಸಣ್ಣ ಊರಿನಲ್ಲಿ ಇದೇ ದೊಡ್ಡ ತಲೆನೋವು. ಒಬ್ಬರ ವಖಾರಿಯಿಂದ ಹೊರಬಂದರೆ ಇನ್ನೊಬ್ಬರು ಎದುರಿಗೇ ನಿಂತು "ಬನ್ನಿ, ಚಾ ಕುಡಿಯೋಣ" ಎನ್ನುತ್ತಾರೆ. ಚಹಾ ಸುಮ್ನೆ ಅಲ್ಲ.

ನನ್ನ ಪದ್ಧತಿ ಇಷ್ಟು: ಒಂದೇ ವ್ಯಾಪಾರದ ಇಬ್ಬರಿಗೆ ಒಂದೇ ಹೊತ್ತಿನಲ್ಲಿ ಕೆಲಸ ಮಾಡುವುದಿಲ್ಲ, ಮೊದಲನೆಯವರ ಕೆಲಸ ಮುಗಿದು ಆರು ತಿಂಗಳು ಬಿಡುತ್ತೇನೆ. ಇದನ್ನು ಪತ್ರದಲ್ಲೇ ಬರೆಯುತ್ತೇನೆ. ಒಮ್ಮೆ ಒಬ್ಬರ ಬಾಕಿದಾರರ ಪಟ್ಟಿಯನ್ನು ಫೋನಿನಲ್ಲಿ ಇನ್ನೊಬ್ಬ ಗ್ರಾಹಕರಿಗೆ ಕಳಿಸಿಬಿಟ್ಟೆ. ಎರಡು ನೀಲಿ ಗೀಟು ಬೀಳುವ ಮೊದಲು ಅಳಿಸಿದೆ, ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ಲೆಕ್ಕದ ಫೈಲುಗಳಿಗೆ ಪಾಸ್‌ವರ್ಡ್ ಹಾಕುತ್ತೇನೆ, ಫೈಲಿನ ಹೆಸರಿನ ಮೊದಲ ಪದವೇ ಗ್ರಾಹಕರ ಅಂಗಡಿಯ ಹೆಸರು, ಮತ್ತು ಫೋನಿನಿಂದ ಫೈಲು ಕಳಿಸುವುದಿಲ್ಲ. ಲ್ಯಾಪ್‌ಟಾಪ್ ತೆಗೆಯಲು ಸೋಮಾರಿತನ ಬರುತ್ತದಲ್ಲ, ಅಷ್ಟರಲ್ಲಿ ಒಮ್ಮೆ ಯೋಚಿಸಲು ಪುರುಸೊತ್ತು ಸಿಗುತ್ತದೆ.

ಎಐ ಬಳಸಬಹುದಾ?

ಪತ್ರದ ಕರಡು, ಎಕ್ಸೆಲ್ ಸೂತ್ರ, ಇಂಗ್ಲಿಷ್ ಸುತ್ತೋಲೆಯ ಸಾರಾಂಶಕ್ಕೆ ಧಾರಾಳವಾಗಿ. ಗ್ರಾಹಕರ ಖಾತೆ ಪುಸ್ತಕವನ್ನು ಅದರೊಳಗೆ ಹಾಕಬೇಡಿ. ಅಡಿಕೆಯ ಬಗೆಗಳಾದ ಬೆಟ್ಟೆಗೂ ಚಾಲಿಗೂ ಕೆಂಪುಗೋಟಿಗೂ ರೇಟು ಯಾಕೆ ಬೇರೆ ಅಂತ ಅದನ್ನು ಕೇಳುವ ಬದಲು ಟೆಂಡರ್ ನಡೆಯುವ ಹೊತ್ತಿಗೆ ಮಾರ್ಕೆಟ್ ಯಾರ್ಡಿಗೆ ಹೋಗಿ ನಿಲ್ಲಿ.

ಕೊನೆಯ ರಿಪೋರ್ಟ್ ಎಷ್ಟು ಪುಟ ಇರಬೇಕು?

ಎರಡು. ಮೊದಲ ಪುಟದಲ್ಲಿ ಸೋಮವಾರದಿಂದ ಯಾರು ಏನು ಮಾಡಬೇಕು. ಎರಡನೆಯದರಲ್ಲಿ ಅಂಕಿಗಳು. ನಲವತ್ತು ಪುಟದ ಸ್ಪೈರಲ್ ಬೈಂಡಿಂಗ್ ರಿಪೋರ್ಟ್ ಒಂದನ್ನು ಹಿಂದೆ ಕೊಟ್ಟಿದ್ದೆ. ಮುಂದಿನ ಸಲ ಹೋದಾಗ ಅದು ಫ್ಯಾನಿನ ಗಾಳಿಗೆ ಬಿಲ್ಲುಗಳು ಹಾರದಂತೆ ಮೇಲೆ ಕೂತಿತ್ತು.

ವಿಸಿಟಿಂಗ್ ಕಾರ್ಡ್ ಮಾಡಿಸಲಾ?

ಮಾಡಿಸಿ, ನೂರು ಸಾಕು. ಒಂದು ಬದಿ ಕನ್ನಡ ಇರಲಿ. ಫೋನ್ ನಂಬರ್ ದೊಡ್ಡ ಅಕ್ಷರದಲ್ಲಿ ಹಾಕಿಸಿ, ಕನ್ನಡಕ ಇಲ್ಲದೆಯೂ ಕಾಣಬೇಕು.